ಡಿಬಗರ್ ಮೇಲೆ ಹಾಕಿದ ಟವಲ್

ಅದು ಎರಡು ಸಾವಿರದ ಇಸವಿಯ ಆಸುಪಾಸು. ಹೈದರಾಬಾದಿನ ಹಿಮಾಯತ್‌ನಗರದಲ್ಲಿ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಟೀಮ್ ಲೀಡ್. ಕೊಂಡು ತಂದ ಸಾಫ್ಟ್‌ವೇರುಗಳ ಲೈಸೆನ್ಸಿನ ಜವಾಬ್ದಾರಿಯೂ ನನ್ನದೇ.

ಆ ವಾರ ಲ್ಯಾಬ್ ರಿಪೋರ್ಟಿನ ಪ್ರೋಗ್ರಾಂ ಪದೇ ಪದೇ ನಿಂತುಹೋಗುತ್ತಿತ್ತು. ಅದನ್ನು ಬರೆದ ರಾಯಚೂರಿನ ಶಿವಲೀಲಾ ಇನ್ನೂ ಪ್ರೊಬೇಷನ್‌ನಲ್ಲಿದ್ದಳು. “ಶುಕ್ರವಾರದೊಳಗ ಸರಿ ಆಗ್ಲಿಲ್ಲಂದ್ರ ಆಕಿನ್ನ ಕಳಿಸಿಬಿಡೂಣ್ರಿ,” ಎಂದರು ಕಲಬುರಗಿ ಕಡೆಯವರಾದ ನಮ್ಮ ಮ್ಯಾನೇಜರ್.

ತಪ್ಪು ಹಿಡಿಯಲು ಅವಳಿಗೆ ಡಿಬಗರ್ ಬೇಕಿತ್ತು. ಓಡುತ್ತಿರುವ ಪ್ರೋಗ್ರಾಮನ್ನು ಸಾಲುಸಾಲಿಗೆ ನಿಲ್ಲಿಸಿ ಒಳಗೇನಾಗಿದೆಯೆಂದು ತೋರಿಸುವ ಸಾಧನ ಅದು. ನಮ್ಮದು ಫ್ಲೋಟಿಂಗ್ ಲೈಸೆನ್ಸ್: ಯಾರು ಬೇಕಾದರೂ ತೆರೆಯಬಹುದು, ಆದರೆ ಏಕಕಾಲಕ್ಕೆ ಇಬ್ಬರೇ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ರೂಢಿಯುಂಟಲ್ಲ, ಅದು ಆಫೀಸಿಗೂ ಬಂದಿತ್ತು. ಬೆಳಿಗ್ಗೆ ಮೊದಲು ಬಂದವರು ಕೆಲಸವಿರಲಿ ಬಿಡಲಿ, ಡಿಬಗರ್ ತೆರೆದಿಟ್ಟು ಇರಾನಿ ಚಹಾಕ್ಕೆ ಹೊರಡುತ್ತಿದ್ದರು.

“ಮುಂಜಾನಿಂದ ನೋಡಾಕತ್ತೀನ್ರಿ ಸರ್, ಲೈಸೆನ್ಸ್ ಖಾಲಿ ಇಲ್ಲ ಅಂತೈತ್ರಿ,” ಎಂದಳು ಶಿವಲೀಲಾ. ಕೈಕಟ್ಟಿ ನೀರಿಗೆ ನೂಕಿ ಈಜು ಎಂದ ಹಾಗಾಗಿತ್ತು ಅವಳ ಪಾಡು.

ಮ್ಯಾನೇಜರ್ ಉಪಾಯ ಹೇಳಿದರು: “ಅಬಿಡ್ಸ್ ಬಜಾರಿನಾಗ ಲೈಸೆನ್ಸ್ ಇಲ್ದಾನ ಓಡೂ ಹಂಗ ಕ್ರ್ಯಾಕ್ ಮಾಡಿದ ಸಿಡಿ ಸಿಗ್ತೈತಿ, ತಂದು ಹಾಕ್ರಿ.”

“ಕದ್ದ ಮಾಲು ನಮ್ಮ ಮಷೀನಿಗೆ ಬ್ಯಾಡ್ರಿ. ನಮ್ಮವೆರಡು ಎಲ್ಲಿ ಹೋಗ್ಯಾವ, ಮೊದಲು ಅದನ್ನ ನೋಡ್ತೀನಿ,” ಎಂದೆ.

ಯಾವ ಲೈಸೆನ್ಸ್ ಯಾರ ಮಷೀನಿನಲ್ಲಿದೆ ಎಂದು ತೋರಿಸುವ ಲೈಸೆನ್ಸ್ ಸರ್ವರ್ ತೆರೆದು ನೋಡಿದೆ. ಒಂದರಲ್ಲಿ ಸಹೋದ್ಯೋಗಿಯೊಬ್ಬರು ನಿಜಕ್ಕೂ ಕೆಲಸ ಮಾಡುತ್ತಿದ್ದರು. ಇನ್ನೊಂದು ಮ್ಯಾನೇಜರರ ಮಷೀನಿನಲ್ಲೇ ಇತ್ತು! ನನಗೆ ಸಿಟ್ಟು ನೆತ್ತಿಗೇರಿತು. ನೇರವಾಗಿ ಅವರ ಕ್ಯಾಬಿನ್ನಿಗೆ ಹೋದೆ.

“ಸರ್, ಆ ಹುಡುಗಿ ಕಾಯಾಕತ್ತಿದ್ದ ಡಿಬಗರ್ ನಿಮ್ಮ ಮಷೀನಿನಾಗ ಐತ್ರಿ. ಮುಚ್ರಿ.”

ಅವರ ಮುಖ ಸಣ್ಣದಾಯಿತು. “ಯಾವಾಗರ ಬೇಕಾಗ್ತೈತಿ ಅಂತ ಹಿಡಿದಿಟ್ಟಿದ್ನಿ…”

“ಈಗ ಬೇಕಾಗೈತ್ರಿ, ಆಕಿಗೆ.”

ನಾನು ಅಲ್ಲಿಂದ ಕದಲಲಿಲ್ಲ. ಅವರು ಮುಚ್ಚಿದರು.

ಮಧ್ಯಾಹ್ನ ನಾನು ಮ್ಯಾನೇಜರರ ಜೊತೆಗಿದ್ದಾಗ ಶಿವಲೀಲಾ ತಾನಾಗಿಯೇ ಅವರ ಕ್ಯಾಬಿನ್ನಿಗೆ ಬಂದು, “ತಪ್ಪು ನಂದೇ ಐತ್ರಿ ಸರ್. ಕೆಲಸ ಮುಗೀತಂತ ಕಂಪ್ಯೂಟರಿಗೆ ವಾಪಸ್ ಬಿಟ್ಟುಕೊಟ್ಟ ಮೆಮೊರಿನ ಪ್ರೋಗ್ರಾಮಿನಾಗ ಮತ್ತ ಬಳಸಿದ್ದೆ. ಸರಿ ಮಾಡೀನ್ರಿ,” ಎಂದಳು. ತಲೆ ತಗ್ಗಿಸಲಿಲ್ಲ. ಭಾಳ ಹೆಮ್ಮೆಯೆನಿಸಿತು ನನಗೆ. ಶುಕ್ರವಾರ ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ. ಅವಳ ಕೆಲಸವೂ ಉಳಿಯಿತು. ತೆರೆದಿಟ್ಟು ಎದ್ದುಹೋದವರ ಡಿಬಗರ್ ತಾನಾಗಿ ಮುಚ್ಚಿಕೊಳ್ಳುವಂತೆ ಸರ್ವರ್ ಅನ್ನು ಅಂದೇ ಬದಲಿಸಿದೆ.

ಈಗಲೂ ಯಾರಾದರೂ ನನ್ನ ಬಳಿ “ಅವರ ಕೈಲಿ ಆಗುವುದಿಲ್ಲ” ಎಂದು ದೂರು ತಂದರೆ ಮೊದಲು ಕೇಳುವುದು, ಅವರಿಗೆ ಬೇಕಾದದ್ದು ಯಾರ ಹತ್ತಿರ ಇದೆ ಎಂದು. ಎಷ್ಟೋ ಸಲ ಅದು ದೂರು ತಂದವರ ಹತ್ತಿರವೇ ಇರುತ್ತದೆ.