ಅಮಾವಾಸ್ಯೆಯ ದಿನದ ಸರ್ವರ್

ನೇಕಾರರ ಊರಾದ ಬನಹಟ್ಟಿಯ ಹೆಣ್ಣುಮಕ್ಕಳ ಕಾಲೇಜೊಂದರ ಕಂಪ್ಯೂಟರುಗಳೆಲ್ಲ ಒಂದೇ ಸರ್ವರಿನಿಂದ, ನೆಟ್‌ವರ್ಕಿನ ಮೂಲಕ ಚಾಲೂ ಆಗುವಂತೆ ನಾನು ಹೊಂದಿಸಿಕೊಟ್ಟಿದ್ದೆ. ಮರುದಿನವೇ ಪರೀಕ್ಷೆ. ಹುಡುಗಿಯರು ಬಂದು ಕುಂತರು. ಒಂದು ಪರದೆಯೂ ಬೆಳಗಲಿಲ್ಲ. ಓಡಿಹೋಗಿ ನೋಡಿದರೆ ಸರ್ವರಿಗೆ ಕುಂಕುಮ, ಹೂವು, ಸ್ವಿಚ್ ಬಂದ್!

“ಅಮಾಸಿ ಐತ್ರಿ ಅಣ್ಣಾರ,” ಅಂದಳು ಕಸ ಹೊಡೆಯುವ ಕಲ್ಲವ್ವ. “ನಮ್ಮ ಮಗ್ಗಾನೂ ಇವತ್ತ ಬಂದ್. ಇದಕ್ಕೂ ಪೂಜಿ ಮಾಡಿ ಆರಾಮ ಕೊಟ್ಟೀನ್ರಿ.”

ಪೂಜೆ ಮಾಡಿದವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. “ಯವ್ವಾ, ಇದು ಏಳದಿದ್ರ ಉಳಿದಾವ ಯಾವೂ ಏಳೂದಿಲ್ಲ,” ಅಂದೆ.

“ಹಂಗಾರ ಇದು ಮನಿ ಹಿರೇಸೊಸಿ ಇದ್ದಂಗ ಬಿಡ್ರಿ, ಹಬ್ಬಕ್ಕೂ ರಜಾ ಇಲ್ಲ!” ಎನ್ನುತ್ತ ಅವಳೇ ಸ್ವಿಚ್ ಒತ್ತಿದಳು.

ಸಾಲುಸಾಲಾಗಿ ಪರದೆಗಳು ಬೆಳಗಿದವು. ಖುಷಿಗೆ ನಾನು ‘ಹರಹರ ಮಹಾದೇವ’ ಎಂದು ಕೂಗಿಯೇಬಿಟ್ಟೆ! ಪರೀಕ್ಷೆ ಹೊತ್ತಿಗೆ ಸರಿಯಾಗಿ ಸುರುವಾಯಿತು.

ಕಲ್ಲವ್ವನ ಮಾತನ್ನು ನಾನು ಇನ್ನೂ ಮನೆಯಲ್ಲಿ ಹೇಳಿಲ್ಲ. ನನ್ನವಳೂ ಹಿರೇಸೊಸೆಯೇ.