ಹಿಂದಿನ ಸೀಟಿನ ಸೈಕಲ್ಲು

ಹತ್ತು ಹೆಜ್ಜೆ ನಡೆಯಲು ನಮ್ಮ ಗಂಗಾಧರ ಚಿಕ್ಕಪ್ಪನಿಗೆ ಕಾಲು ಗಂಟೆ ಬೇಕಾಗುತ್ತಿತ್ತು. ಹೊಸಿಲ ಹತ್ತಿರ ಬಂದರಂತೂ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದ. ಅದೇ ಮನುಷ್ಯನನ್ನು ಸೈಕಲ್ಲಿನ ಮೇಲೆ ಕೂರಿಸಿ ಒಂದು ಸಲ ತಳ್ಳಿದರೆ ಆಯಿತು, ಬೀದಿ ತಿರುಗಿ ಮರೆಯಾಗಿ ಬಿಡುತ್ತಿದ್ದ. ನೋಡಿದವರು ನಂಬುತ್ತಿರಲಿಲ್ಲ. ನಾಟಕ ಆಡುತ್ತಾನೆ ಎಂದವರೂ ಉಂಟು. ತುಮಕೂರಿನ ಡಾಕ್ಟರು ಮಾತ್ರ, ‘ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೆಲವರಿಗೆ ಹೀಗಾಗುತ್ತೆ, ನಡೆಯೋಕಾಗಲ್ಲ, ಪೆಡಲ್ ತುಳೀತಾರೆ’ ಎಂದರು.

ಚಿಕ್ಕಪ್ಪ ನಲವತ್ತು ವರ್ಷ ತಿಪಟೂರಿನ ಒಂದು ಮಂಡಿಗೆ ಕೊಬ್ಬರಿ ನೋಡುವ ಕೆಲಸ ಮಾಡಿದವನು. ತುರುವೇಕೆರೆ, ಸಂಪಿಗೆ, ಕೆಂಕೆರೆ ಕಡೆಯ ಊರುಗಳಿಗೆಲ್ಲ ಸೈಕಲ್ಲಿನಲ್ಲೇ ಹೋಗಿ, ಮನೆಗಳ ಅಟ್ಟ ಹತ್ತಿ, ಒಣಗಲು ಹಾಕಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ, ಇನ್ನೂ ನೀರಿದೆಯೋ ಸದ್ದಿನಲ್ಲೇ ಹೇಳುತ್ತಿದ್ದ. ಕಾಯಿಲೆ ಗೊತ್ತಾಗಿದ್ದೂ ಹಾಗೆಯೇ. ಒಂದು ದಿನ ನಮ್ಮ ಮನೆಯ ಅಂಗಳದಲ್ಲಿ ಕಾಯಿ ಹಿಡಿದುಕೊಂಡು ಪೆಚ್ಚಾಗಿ ಕೂತಿದ್ದ. ‘ಕಾಯಿ ಅಲ್ಲಾಡ್ತೈತೋ, ನನ್ ಕೈಯೇ ಅಲ್ಲಾಡ್ತೈತೋ ತಿಳೀತಿಲ್ಲ ಕಣೇ’ ಎಂದ. ಮಾರನೆಯ ದಿನದಿಂದ ಮಂಡಿಗೆ ಹೋಗಲಿಲ್ಲ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಓದಿಸಿ ಹೈಸ್ಕೂಲ್ ಮೇಡಂ ಮಾಡಿದವನು ಇವನೇ. ಚಿಕ್ಕಮ್ಮ ಬೇಗ ಹೋದಳು, ಮಕ್ಕಳಿಲ್ಲ. ನನಗೂ ಮದುವೆಯಿಲ್ಲ. ಹಾಗಾಗಿ ತಿಪಟೂರಿನ ಅಂಚಿನ ಮನೆಯಲ್ಲಿ ನಾವಿಬ್ಬರೇ. ಪ್ರೀತಿಯಿಂದ ನೋಡಿಕೊಂಡೆ ಎಂದು ಹೇಳಿಕೊಳ್ಳುವುದು ಸುಲಭ. ನಿಜ ಹೇಳುತ್ತೇನೆ, ಸುಸ್ತಾಗಿ ನೋಡಿಕೊಂಡೆ. ಬೆಳಿಗ್ಗೆ ಅವನಿಗೆ ಸ್ನಾನ, ಮಾತ್ರೆ, ಆಮೇಲೆ ಸ್ಕೂಲು, ಸಂಜೆ ಮತ್ತೆ ಮಾತ್ರೆ. ಸೊಂಟ ಅನ್ನುವುದೊಂದು ನನಗೂ ಇದೆ ಅಂತ ಯಾರಿಗೆ ಹೇಳುವುದು?

ಸೈಕಲ್ಲಿನ ವಿಷಯ ಗೊತ್ತಾಗಿದ್ದು ಅಕಸ್ಮಾತ್ತಾಗಿ. ನಾನು ಬಿ.ಎಡ್. ಓದುವಾಗ ತುಳಿದ ಲೇಡೀಸ್ ಸೈಕಲ್ಲು ಜಗುಲಿಗೆ ಒರಗಿಕೊಂಡಿತ್ತು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಟ್ರಿಣ್ ಅಂತ ಬೆಲ್ಲು ಕೇಳಿ ಹೊರಗೆ ಬಂದರೆ ಆಸಾಮಿ ಇಲ್ಲ! ಸೌಟು ಹಿಡಿದುಕೊಂಡೇ ಬೀದಿಯುದ್ದಕ್ಕೂ ಓಡಿದೆ. ಟೀ ಅಂಗಡಿಯ ಕಟ್ಟೆಗೆ ಕಾಲು ಕೊಟ್ಟು, ಸೈಕಲ್ಲಿನ ಮೇಲೇ ಕೂತು ಟೀ ಕುಡಿಯುತ್ತಿದ್ದ. ‘ಲೇಡೀಸ್ ಸೈಕಲ್ ಹತ್ತಿದ್ದೀಯಲ್ಲ, ನಿನ್ನ ಮಾನ ಎಲ್ಲಿ ಹೋಯ್ತು?’ ಎಂದು ರೇಗಿದೆ. ‘ಮೇಲೆ ಯಾರ್ ಕೂತವ್ರೆ ಅಂತ ಚಕ್ರಕ್ಕೇನ್ ಗೊತ್ತು ಬುಡು’ ಎಂದು ನಕ್ಕ. ಆ ಕಾಯಿಲೆ ಬಂದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಊರೊಳಗಾದರೆ ಸರಿ, ತುಮಕೂರಿನ ಆಸ್ಪತ್ರೆಗೆ, ನೆಂಟರ ಊರಿಗೆ ಹೋಗುವುದು ಹೇಗೆ? ಒಂದು ಸಲ ಬಸ್ಸಿನಲ್ಲಿ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಅವನ ಕಾಲು ನಿಂತುಬಿಟ್ಟಿತು. ಯಾರೋ ಪುಣ್ಯಾತ್ಮರಿಬ್ಬರು ಅವನನ್ನು ಅನಾಮತ್ತಾಗಿ ಎತ್ತಿ ಸೀಟಿನ ಮೇಲೆ ಹಾಕಿದರು. ಗುಬ್ಬಿ ದಾಟಿದ ಮೇಲೆ ಚಿಕ್ಕಪ್ಪ, ‘ಜೀವಮಾನವೆಲ್ಲ ಮೂಟೆ ಎತ್ತಿಸ್ದೋನು ನಾನು. ನನ್ನೇ ಮೂಟೆ ಮಾಡಬ್ಯಾಡ ಕಣವ್ವ, ನಿನ್ ಕಾಲಿಗ್ ಬೀಳ್ತೀನಿ’ ಎಂದ. ಸಾಕಿದ ಕೈ ಹೀಗೆ ಬೇಡಿಕೊಂಡರೆ ಏನು ಮಾಡುವುದು? ಕಾರು ಕೊಳ್ಳುವುದು, ಹೋದ ಕಡೆಯೆಲ್ಲ ಸೈಕಲ್ಲು ಇಳಿಸಿ ಅವನನ್ನು ಕೂರಿಸುವುದು ಎಂದು ತೀರ್ಮಾನವಾಯಿತು. ಸೈಕಲ್ಲು ಕಾರಿನ ನೆತ್ತಿಯ ಮೇಲಿದ್ದರೆ ಇಳಿಸಲು ಇನ್ನೊಬ್ಬರನ್ನು ಕರೆಯಬೇಕು. ಒಳಗೇ ಹಿಡಿಸಬೇಕು, ನಾನೊಬ್ಬಳೇ ಎಳೆಯುವಂತಿರಬೇಕು. ಐವತ್ತರ ಹತ್ತಿರ ಬಂದು ಡ್ರೈವಿಂಗ್ ಕಲಿತೆ.

ಹಳೆಯ ಕಾರು ತೋರಿಸಲು ಒಪ್ಪಿಕೊಂಡವರು ಮೆಕ್ಯಾನಿಕ್ ಜಬ್ಬಾರ್ ಭಾಯ್. ನಾನು ಅಳತೆಗೆ ಟೇಪು ತರುತ್ತೇನೆಂದರೆ ಚಿಕ್ಕಪ್ಪ ಬಿಡಲಿಲ್ಲ. ‘ಟೇಪಿನ ನಂಬರು ನಿಂಗ್ ತಿಳೀತೈತೆ. ನಂಗ್ ಹಗ್ಗ ತಿಳೀತೈತೆ’ ಎಂದು ಹಿತ್ತಲಿನ ತೆಂಗಿನ ನಾರಿನ ಹಗ್ಗ ತರಿಸಿ, ಸೈಕಲ್ಲಿನ ಉದ್ದಕ್ಕೆ ಹಿಡಿಸಿ, ಎರಡು ಗಂಟು ಹಾಕಿಸಿದ. ಎರಡು ವಾರ ಕಳೆದು ಒಂದು ಭಾನುವಾರ ಬೂದು ಬಣ್ಣದ ಕಾರು ನೋಡಿದೆವು. ಹೊಸದರ ಹಾಗಿತ್ತು. ಹಿಂದಿನ ಸೀಟು ಮಡಚಿ ಹಗ್ಗ ಹಿಡಿದರೆ ನಾಲ್ಕು ಬೆರಳು ಸಾಲದು. ಬೇಡ ಎಂದೆವು. ಮುಂದಿನ ಭಾನುವಾರದ ಕಾರಿನಲ್ಲಿ ಒಂದು ಗೇಣು ಸಾಲದು. ಅದರ ಮುಂದಿನದು ಇನ್ನೂ ಚಿಕ್ಕದು. ಒಟ್ಟು ಐದು ಕಾರು ಬೇಡವೆಂದೆವು. ಜಬ್ಬಾರ್ ಭಾಯ್ ತಲೆ ಕೆರೆದುಕೊಂಡರು.

‘ಮೇಡಂ, ಇಷ್ಟುದ್ದ ಸೈಕಲ್ ನಾನು ನೋಡೇ ಇಲ್ಲ. ಒಂದ್ಸಲ ಮನೇಗ್ ಬಂದು ನೋಡ್ತೀನಿ’ ಎಂದರು. ಬಂದವರು ಹಗ್ಗವನ್ನು ಸೈಕಲ್ಲಿಗೆ ಹಿಡಿದರು. ಒಂದು ಗಂಟು ಮುಂದಿನ ಚಕ್ರಕ್ಕೆ ಸರಿಯಾಗಿ ಕೂತಿತು, ಇನ್ನೊಂದು ಹಿಂದಿನ ಚಕ್ರ ದಾಟಿ ಒಂದೂವರೆ ಗೇಣು ಆಚೆಗಿತ್ತು.

ಆಗ ನನಗೆ ಹೊಳೆಯಿತು. ಪ್ರತಿ ಶನಿವಾರ ಚಿಕ್ಕಪ್ಪನ ರಗ್ಗು ಒಗೆದು, ನೀರು ಸೋರುತ್ತಿರುವಾಗಲೇ ಅದೇ ಹಗ್ಗವನ್ನು ಕಟ್ಟಿ ಒಣಹಾಕುತ್ತಿದ್ದವಳು ನಾನೇ. ಹಸಿ ಭಾರಕ್ಕೆ ನಾರು ಎಳೆದುಕೊಂಡು ವಾರವಾರವೂ ಹಗ್ಗ ಬೆಳೆದಿತ್ತು! ಬೂದು ಬಣ್ಣದ ಕಾರು ಆಗಲೇ ಮಾರಿ ಹೋಗಿತ್ತು. ನನಗೆ ಅಳು ಬಂತು. ಚಿಕ್ಕಪ್ಪ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ‘ಹುಟ್ಟಿದಾಗಿಂದ ತೆಂಗಿನ್ ಜೊತೇಲೇ ಬಾಳಿದ್ದೀನಿ. ನಾರು ನೆಂದ್ರೆ ಹಿಗ್ತೈತೆ ಅನ್ನೋದು ನಂಗೇ ಮರ್ತೋಯ್ತಲ್ಲೇ!’ ಎಂದ. ಜಬ್ಬಾರ್ ಭಾಯ್, ‘ಅಳ್ಬೇಡಿ ಮೇಡಂ, ಈ ಸಲ ಹಗ್ಗ ಬ್ಯಾಡ, ಸೈಕಲ್ಲೇ ತನ್ನಿ’ ಎಂದರು. ಮುಂದಿನ ಭಾನುವಾರ ಚಿಕ್ಕಪ್ಪ ಕಾರಿದ್ದ ಜಾಗಕ್ಕೆ ತಾನೇ ತುಳಿದುಕೊಂಡು ಬಂದ. ಬಣ್ಣ ಮಾಸಿದ ಒಂದು ಕೆಂಪು ಕಾರಿನೊಳಗೆ ಹ್ಯಾಂಡಲ್ ತಿರುಗಿಸಿ ಮಲಗಿಸಿದರೆ ಸೈಕಲ್ಲು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಎರಡು ವರ್ಷ ಹಾಗೆ ಓಡಾಡಿದೆವು. ಸಂಪಿಗೆಗೆ ಹೋದರೆ ದೇವಸ್ಥಾನದವರೆಗೂ ಸೈಕಲ್ಲು. ತುಮಕೂರಿನಲ್ಲಿ ಆಸ್ಪತ್ರೆಯ ಬಾಗಿಲವರೆಗೂ ಸೈಕಲ್ಲು. ಅವನಿಗೆ ಹಬ್ಬ, ನನಗೆ ಸೊಂಟ ನೋವು. ನನ್ನ ಒಳ್ಳೆಯ ಸೀರೆಗಳೆಲ್ಲ ಚೈನಿನ ಗ್ರೀಸು ಕಂಡವು. ರಸ್ತೆಯ ಹಂಪು ಹಾರಿದಾಗಲೆಲ್ಲ ಹಿಂದೆ ಮಲಗಿದ ಸೈಕಲ್ಲು ಟಿಣ್ ಎನ್ನುತ್ತಿತ್ತು. ಮುಂದಿನ ಸೀಟಿನಿಂದ ಚಿಕ್ಕಪ್ಪ ಪ್ರತಿ ಸಲವೂ, ‘ಬಂದೆ ಇರಪ್ಪ, ಬಂದೆ’ ಎಂದು ಅದಕ್ಕೆ ಉತ್ತರ ಕೊಡುತ್ತಿದ್ದ. ಸಾಕು ಸುಮ್ಮನಿರು ಮಾರಾಯ ಎಂದು ಎಷ್ಟು ಸಲ ಗದರಿದ್ದೇನೋ.

ಕೆಂಕೆರೆಯಲ್ಲಿ ಒಂದು ಗೃಹಪ್ರವೇಶ. ಅವನು ವರ್ಷಾನುಗಟ್ಟಲೆ ಅಟ್ಟ ಹತ್ತಿದ ಮನೆಯವರದು. ಹಿಂದಿನ ದಿನವೆಲ್ಲ ಪರೀಕ್ಷೆಯ ಪೇಪರು ತಿದ್ದಿ ನನಗೆ ಬಗ್ಗಲು ಆಗುತ್ತಿರಲಿಲ್ಲ. ‘ಇವತ್ತೊಂದು ದಿನ ಸೈಕಲ್ ಬೇಡ ಚಿಕ್ಕಪ್ಪ. ಅಲ್ಲಿ ಜನ ಇರ್ತಾರೆ, ಹಿಡ್ಕೊಳ್ತಾರೆ’ ಎಂದೆ. ಅವನು ನನ್ನ ಮುಖ ನೋಡಿದ. ‘ಆಯ್ತು ಬುಡು’ ಎಂದ. ಅಲ್ಲಿ ಚಪ್ಪರದ ಬಾಗಿಲಲ್ಲಿ ಕಾಲು ನಿಂತುಬಿಟ್ಟಿತು. ನಾಲ್ವರು ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಕೂರಿಸಿ, ‘ಸರೀರಿ, ದಾರಿ ಬಿಡ್ರಿ’ ಎಂದು ಕೂಗುತ್ತಾ ಅಷ್ಟು ಜನರ ನಡುವೆ ಹೊತ್ತುಕೊಂಡು ಹೋದರು. ಅವನು ಎರಡೂ ಕೈ ತೊಡೆಯ ಮೇಲೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದ. ಊಟಕ್ಕೆ ಕೂತರೂ ಎಲೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೇಳುವ ಮೊದಲೇ ಸೈಕಲ್ಲನ್ನು ಜಗುಲಿಗೆ ತಂದು ನಿಲ್ಲಿಸಿದೆ. ‘ಬಾ, ಟೀ ಅಂಗಡಿಗೆ ಹೋಗಿ ಬಾ’ ಎಂದೆ.

‘ಬ್ಯಾಡ ಕಣವ್ವ’ ಎಂದ. ‘ನಿಂಗೂ ಸಾಕಾಗೈತೆ.’

ಆಮೇಲೆ ಅವನು ಸೈಕಲ್ಲು ಹತ್ತಲಿಲ್ಲ. ಕಾಯಿಲೆ ಹೆಚ್ಚಾಗಿದೆ ಎಂದರು ಡಾಕ್ಟರು. ಇರಬಹುದು. ನಾನು ಮಾಡಿದ್ದೇನು ಎಂದು ನನಗೆ ಗೊತ್ತಿತ್ತು. ಹಟ ಹಿಡಿದವಳ ಹಾಗೆ ಎಲ್ಲಿಗೆ ಹೊರಟರೂ ಸೈಕಲ್ಲನ್ನು ಕಾರಿಗೆ ತುಂಬುತ್ತಿದ್ದೆ, ಇಳಿಸದೆ ವಾಪಸು ತರುತ್ತಿದ್ದೆ. ಬೆಲ್ಲು ಟಿಣ್ ಎಂದರೆ ಅವನು ಕಿಟಕಿಯ ಆಚೆ ನೋಡುತ್ತಿದ್ದ.

ಕಳೆದ ಶ್ರಾವಣದಲ್ಲಿ ಅವನ ಎದೆಯಲ್ಲಿ ಕಫ ಕಟ್ಟಿತು. ತುಮಕೂರಿಗೆ ಹೊರಟಾಗಲೂ ಸೈಕಲ್ಲನ್ನು ಹಾಕಿಕೊಂಡೆ. ನಾಲ್ಕನೆಯ ದಿನ ಮಧ್ಯಾಹ್ನ ಚಿಕ್ಕಪ್ಪ ಹೋದ.

ಆಸ್ಪತ್ರೆಯವರು ಅವನನ್ನು ಆಂಬುಲೆನ್ಸಿಗೆ ಎತ್ತಿ ಹಾಕಿದರು. ಅದು ಮುಂದೆ, ನಾನು ಹಿಂದೆ, ನನ್ನ ಹಿಂದೆ ಸೈಕಲ್ಲು. ಗುಬ್ಬಿಯ ಹತ್ತಿರ ಹಂಪು ಬಂತು. ಟಿಣ್ ಎಂದಿತು. ಕೆ.ಬಿ. ಕ್ರಾಸಿನಲ್ಲಿ ಮತ್ತೆ ಟಿಣ್ ಎಂದಿತು. ಪಕ್ಕದ ಸೀಟಿನ ಕಡೆ ನೋಡಿದೆ. ತಿಪಟೂರು ಮುಟ್ಟುವವರೆಗೂ ಪ್ರತಿ ಹಂಪಿಗೂ ನಾನೇ ಹೇಳಿಕೊಂಡು ಬಂದೆ: ‘ಬಂದೆ ಇರಪ್ಪ, ಬಂದೆ.’