ನಮ್ಮದೂ ಅದೇ ಬಳಿ

ಅಕ್ಕನ ಮದುವೆಯನ್ನು ತಪ್ಪಿಸಿದವಳು ನಾನು. ಇದರಲ್ಲಿ ಸಂಶಯವಿಲ್ಲ. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು — ಅದು ಬುಧವಾರವೋ ಗುರುವಾರವೋ, ಅಮ್ಮನಿಗೆ ಗಂಜಿ ಕುಡಿಸಿ ಆಗಿತ್ತೋ ಇಲ್ಲವೋ. ಫೋನ್ ಬಂದಾಗ ಅಕ್ಕ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು ಎಂದು ಹನ್ನೊಂದು ವರ್ಷಗಳಿಂದ ನೆನಪಿಟ್ಟುಕೊಂಡಿದ್ದೇನೆ. ಆ ನೆನಪು ನನಗೆ ಅನುಕೂಲದ್ದು. ಅನುಕೂಲದ ನೆನಪನ್ನು ಸುಲಭವಾಗಿ ನಂಬಬಾರದು ಎಂಬುದನ್ನು ಕೆಲಸ ಕಲಿಸಿದೆ — ದೂರದ ಒಂದು ತಾಲೂಕಿನಲ್ಲಿ ಸಿವಿಲ್ ನ್ಯಾಯಾಧೀಶೆಯಾಗಿ ಕುಳಿತು ದಿನವೂ ಸಾಕ್ಷಿಗಳ ಮಾತು ಕೇಳುವವಳು ನಾನು.

ಆ ಕುರ್ಚಿಗೆ ಬಂದದ್ದು ಹೇಗೆಂದು ಬರೆಯಬೇಕು.

ಉಡುಪಿಯಲ್ಲಿ ಕಾನೂನು ಓದಿ, ಎರಡು ವರ್ಷ ಒಬ್ಬ ವಕೀಲರ ಕೈಕೆಳಗೆ ದುಡಿದು, ನ್ಯಾಯಾಧೀಶರ ಪರೀಕ್ಷೆಗೆ ಕುಳಿತೆ. ಮೊದಲ ಸಲ ಮುಖ್ಯ ಪರೀಕ್ಷೆಯಲ್ಲಿ ಫೇಲಾದೆ. ಎರಡನೆಯ ಸಲ ಕೋರ್ಟಿಗೆ ಹೋಗುವುದನ್ನೂ ಬಿಟ್ಟು ಕಾಪುವಿನ ಮನೆಯಲ್ಲಿ ಕುಳಿತು ಓದಿದೆ. ಅಪ್ಪ ಆಗಲೇ ತೀರಿಕೊಂಡಿದ್ದರು. ಆ ವರ್ಷವೇ ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಾತೂ ತೊದಲಿತು. ಮಣಿಪಾಲದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕ — ವಸಂತಿ, ನನಗಿಂತ ನಾಲ್ಕು ವರ್ಷ ದೊಡ್ಡವಳು — ಮಾರನೆಯ ವಾರವೇ ಕೆಲಸ ಬಿಟ್ಟಳು. "ನೀನು ಓದು, ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ" ಎಂದಳು. ನಾನು ಬೇಡವೆನ್ನಲಿಲ್ಲ. ಬೇಡವೆನ್ನಬೇಕು ಎಂದು ತೋಚಿತ್ತೇ? ಇಲ್ಲವೆಂದೇ ಕಾಣುತ್ತದೆ.

ಪಿಯುಸಿ ಓದಿದ ಅಕ್ಕ ಸಾಕ್ಷ್ಯ ಕಾಯಿದೆಯ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಒಂದು ಪದ ತಪ್ಪಿದರೆ ಬೆರಳೆತ್ತುತ್ತಿದ್ದಳು. ಅಮ್ಮನ ಮಗ್ಗುಲು ಬದಲಿಸಿ, ಕೈ ತೊಳೆದು, ನನಗೆ ಚಹಾ ತರುತ್ತಿದ್ದಳು. ಚಹಾ ತಣ್ಣಗಾಗಿದೆಯೆಂದು ಒಮ್ಮೆ ಅವಳ ಎದುರೇ ಕಿಟಕಿಯಿಂದ ಹೊರಗೆ ಚೆಲ್ಲಿದ್ದೇನೆ. ಅವಳು ಖಾಲಿ ಲೋಟ ತೆಗೆದುಕೊಂಡು ಹೋಗಿ ಬಿಸಿ ಚಹಾ ತಂದಳು. ನಾನು ಮೂರು ಗಂಟೆಯ ಪತ್ರಿಕೆ ಬರೆದು ಅಭ್ಯಾಸ ಮಾಡುವ ದಿನಗಳಲ್ಲಿ ನನ್ನ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ತನ್ನ ಫೋನಿನಲ್ಲಿ ಅಲಾರಂ ಇಟ್ಟು, ಅದನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗುವಳು. ಬಾಗಿಲು ಎಳೆದುಕೊಂಡು, ಸದ್ದಿಲ್ಲದೆ.

ಹರೀಶ ಕಾರ್ಕಳದವನು, ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರ್. ಅಕ್ಕ ಉಡುಪಿಯಲ್ಲಿ ಬಸ್ಸು ಬದಲಿಸಿ ಅವನ ಬಸ್ಸಿನಲ್ಲೇ ಮಣಿಪಾಲಕ್ಕೆ ಹೋಗುತ್ತಿದ್ದಳು. ಕೆಲವು ಸಲ ಜೊತೆಗೆ ನಾನೂ.

"ಚಿಲ್ಲರೆ ಇಲ್ಲದಿದ್ದರೆ ಎಲ್ಲರಿಗೂ ಬೈಯುತ್ತಾನೆ, ನಿನಗೆ ಮಾತ್ರ 'ನಾಳೆ ಕೊಡಿ' ಅಂತಾನಲ್ಲ?" ಎಂದು ನಾನು ಕೀಟಲೆ ಮಾಡಿದರೆ, "ಸುಮ್ಮನಿರು ಮಾರಾಯ್ತಿ, ನಿನಗೆ ಓದಲಿಕ್ಕಿಲ್ವಾ?" ಎಂದು ಕಿಟಕಿಯ ಕಡೆ ತಿರುಗುತ್ತಿದ್ದಳು. ನಗು ಕಿವಿಯ ತನಕ ಇರುತ್ತಿತ್ತು.

ಅಕ್ಕ ಬಸ್ಸಿನಲ್ಲಿ ಕಾಣದಾದ ಮೇಲೆ ಅವನು ಅಂಗಡಿಯಲ್ಲಿ ವಿಚಾರಿಸಿ, ಹುಡುಕಿ, ತನ್ನ ಚಿಕ್ಕಮ್ಮನಿಂದ ಸಂಬಂಧದ ಮಾತು ಕಳುಹಿಸಿದ. ಮುಂದಿನ ಭಾನುವಾರ ನೋಡಲು ಬರುತ್ತೇವೆ ಎಂದರು. ಅಕ್ಕ ಹಸಿರು ಸೀರೆಯೊಂದನ್ನು ಹೊರತೆಗೆದು, ಅಂಬಲಪಾಡಿಯ ದರ್ಜಿಗೆ ರವಿಕೆ ಹೊಲಿಯಲು ಕೊಟ್ಟು ಬಂದಳು. ನನ್ನ ಮುಖ್ಯ ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಅವಳು ಹೋದರೆ ಅಮ್ಮನನ್ನು ಎತ್ತುವವರು ಯಾರು, ತೊಳೆಯುವವರು ಯಾರು — ಎಷ್ಟು ಸಲ ಯೋಚಿಸಿದರೂ ಉತ್ತರ ನನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬಳಿ — ಗೋತ್ರವಿದ್ದ ಹಾಗೆ — ತಾಯಿಯಿಂದ ಬರುತ್ತದೆ. ಒಂದೇ ಬಳಿಯವರು ಒಡಹುಟ್ಟಿದವರ ಹಾಗೆ. ಅವರೊಳಗೆ ಮದುವೆ ಕೂಡದು. ಹೆಸರಿನ ಕೊನೆಗೆ ಅಪ್ಪನ ಕಡೆಯದ್ದು ಇರುವುದರಿಂದ ಹೆಸರು ನೋಡಿ ಬಳಿ ತಿಳಿಯುವುದಿಲ್ಲ, ಕೇಳಬೇಕು. ಸೋದರಮಾವನನ್ನು ಕೇಳುವುದು ಕ್ರಮ.

ಅಂದು ತೀರ್ಪು ಬರೆಯುವ ಪತ್ರಿಕೆಯ ಅಭ್ಯಾಸಕ್ಕೆ ಕುಳಿತು ಒಂದು ಗಂಟೆಯಾಗಿತ್ತು. ಮೇಜಿನ ಮೇಲೆ ಅಕ್ಕನ ಫೋನ್ ಸದ್ದು ಮಾಡಿತು.

"ವಸಂತಿಯಾ?"

"ಅಲ್ಲ, ತಂಗಿ."

"ಓ, ಜಡ್ಜ್ ಆಗಲಿಕ್ಕೆ ಓದುವವಳು ಅಲ್ವಾ? ನಾನು ಹರೀಶನ ಚಿಕ್ಕಮ್ಮ. ನಿಮ್ಮ ಮಾವನಿಗೆ ಮಾಡಿದೆ, ಮುಂಬೈಯವರು ಫೋನ್ ಎತ್ತುವುದೇ ಇಲ್ಲ ಮಾರಾಯ್ತಿ. ಎಂತ ಇಲ್ಲ, ಬರುವ ಮೊದಲು ಒಂದು ಕೇಳಲಿಕ್ಕುಂಟು. ನಿಮ್ಮದು ಯಾವ ಬಳಿ?"

ನಾನು ಕೂಡಲೇ ಹೇಳಲಿಲ್ಲ. ಆ ಎರಡು ಕ್ಷಣಗಳು ನನಗೆ ಸ್ಪಷ್ಟವಾಗಿ ನೆನಪಿವೆ, ಇದೊಂದರಲ್ಲಿ ತಪ್ಪಿಲ್ಲ.

"ನಿಮ್ಮದು ಯಾವುದು ಚಿಕ್ಕಮ್ಮ?"

ಹೇಳಿದರು. ನಮ್ಮದು ಬೇರೆ.

"ನಮ್ಮದೂ ಅದೇ" ಎಂದೆ.

"ಅಯ್ಯೋ ದೇವರೇ. ಹಾಗಾದರೆ ಮಕ್ಕಳು ಅಣ್ಣ-ತಂಗಿ ಆದರಲ್ಲ" ಎಂದರು. ಆಮೇಲೆ, "ಬೇಜಾರು ಮಾಡಬೇಡ ಮಗಾ, ಚೆನ್ನಾಗಿ ಓದು."

ಫೋನಿಗೆ ಹೋದ ನಾಲ್ಕು ನಿಮಿಷವನ್ನು ಕೊನೆಗೆ ಸೇರಿಸಿಕೊಂಡು ಪತ್ರಿಕೆ ಮುಗಿಸಿದೆ. ಅಕ್ಷರ ಎಲ್ಲೂ ಕೆಟ್ಟಿರಲಿಲ್ಲ. ಆಮೇಲೆ ಎದ್ದು ಹೋಗಿ, ಅಮ್ಮನ ಮಂಚದ ಹತ್ತಿರ ಇದ್ದ ಅಕ್ಕನಿಗೆ ಹೇಳಿದೆ: "ಹರೀಶನ ಚಿಕ್ಕಮ್ಮ ಮಾಡಿದ್ದರು. ಅವರದ್ದೂ ನಮ್ಮದೇ ಬಳಿಯಂತೆ." ಒಂದೇ ಸುಳ್ಳು, ಎರಡು ಕಡೆಗೂ. ಅಕ್ಕ ಅಮ್ಮನ ಕೈಗೆ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹೌದಾ" ಎಂದಳು. ಅಷ್ಟೇ.

ಸಂಜೆ ಕಾಯಿದೆಯ ಪುಸ್ತಕ ತೆಗೆದುಕೊಂಡು ಬಂದು ಕುಳಿತಳು. ನಾನು ತಪ್ಪಿಲ್ಲದೆ ಒಪ್ಪಿಸಿದೆ.

ಬೇರೆ ಯಾವ ಸುಳ್ಳು ಹೇಳಿದ್ದರೂ — ಹುಡುಗಿಗೆ ಮನಸ್ಸಿಲ್ಲ, ಈಗ ಬೇಡ, ಒಂದು ವರ್ಷ ಹೋಗಲಿ — ಅವನು ಒಮ್ಮೆ ಅವಳನ್ನೇ ಕೇಳುತ್ತಿದ್ದ. ಬಳಿ ಒಂದೇ ಎಂದ ಮೇಲೆ ಕೇಳುವುದೇ ನಾಚಿಕೆ. ಅವರಿಬ್ಬರಿಗೆ ಒಬ್ಬರನ್ನೊಬ್ಬರು ನೆನೆಯುವ ದಾರಿಯನ್ನೂ ಮುಚ್ಚಿದೆ. ಇದು ಆಗಲೇ ನನಗೆ ತಿಳಿದಿತ್ತೇ, ಆಮೇಲೆ ಹೊಳೆಯಿತೇ? ಆಮೇಲೆ ಎಂದು ಬರೆಯಲು ಕೈ ಹೋಗುತ್ತದೆ. ಬರೆಯುವುದಿಲ್ಲ.

ನಾನು ಪಾಸಾದೆ. ಊರಿನ ಸಂಘದವರು ಸನ್ಮಾನ ಇಟ್ಟುಕೊಂಡರು. ಅಕ್ಕ ಆ ಹಸಿರು ಸೀರೆ ಉಟ್ಟು, ಅಂಬಲಪಾಡಿಯಲ್ಲಿ ಹೊಲಿಸಿದ ಆ ರವಿಕೆ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಮೈಕಿನ ಮುಂದೆ ನಿಂತು ನಾನು ಹೇಳಿದೆ: "ನನ್ನ ಓದಿಗಾಗಿ, ಅಮ್ಮನಿಗಾಗಿ, ನನ್ನಕ್ಕ ಮದುವೆಯನ್ನೇ ಬೇಡವೆಂದಳು." ಆ ಮಾತು ಹೇಳೆಂದು ಯಾರೂ ನನ್ನನ್ನು ಕೇಳಿರಲಿಲ್ಲ. ಜನ ಎದ್ದು ಚಪ್ಪಾಳೆ ತಟ್ಟಿದರು. ಅವಳನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿದರು. ರಿಕ್ಷಾದಲ್ಲಿ ಮನೆಗೆ ಬರುವಾಗ, "ಅಷ್ಟೆಲ್ಲ ಹೇಳಬೇಕಿತ್ತಾ ನೀನು?" ಎಂದಳು. ಸಂಕೋಚ ಎಂದುಕೊಂಡೆ.

ಅದರ ನಂತರ ಸಂಬಂಧ ತರುವವರು ನಿಂತೇಹೋದರು. ಮದುವೆ ಬೇಡವೆಂದು ಶಾಲು ಹೊದಿಸಿಕೊಂಡವಳಿಗೆ ಯಾರು ಗಂಡು ತೋರಿಸುತ್ತಾರೆ? ಎರ್ಮಾಳಿನಲ್ಲಿರುವ ನಮ್ಮ ಚಿಕ್ಕಮ್ಮ, ಅಮ್ಮನ ತಂಗಿ, ಒಮ್ಮೆ ಬಾಯಿಬಿಟ್ಟರು: "ನಿನ್ನ ತಂಗಿಯೇ ಮೈಕಿನಲ್ಲಿ ಹೇಳಿ ಆಗಿದೆ ವಸಂತಿ, ಇನ್ನು ನಾನು ಎಲ್ಲಿ ಅಂತ ಕೇಳುವುದು?"

ನಾಲ್ಕು ವರ್ಷದ ಮೇಲೆ ಅಮ್ಮ ಹೋದಳು. ಸುದ್ದಿ ಕೇಳಿ ಹರೀಶ ಬಂದಿದ್ದ, ಹೆಂಡತಿಯೊಡನೆ, ಚಿಕ್ಕ ಮಗುವೊಂದನ್ನು ಎತ್ತಿಕೊಂಡು. ಅಕ್ಕನ ಮುಂದೆ ನಿಂತು, "ಧೈರ್ಯ ತಂದುಕೊ ತಂಗಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಕ್ಕ ತಲೆಯಾಡಿಸಿ, ಮಗುವಿಗೆ ನೀರು ಬೇಕೇ ಎಂದು ಕೇಳಿದಳು. ನಾನು ಅಲ್ಲೇ ಇದ್ದೆ. ಆಗಲೂ ಹೇಳಲಿಲ್ಲ.

ಕಳೆದ ತಿಂಗಳು ರಜೆಯಲ್ಲಿ ಕಾಪುವಿಗೆ ಹೋಗಿದ್ದೆ. ಎರ್ಮಾಳಿನ ಚಿಕ್ಕಮ್ಮನ ಮಗಳಿಗೆ ಕಲ್ಯಾಣಪುರದಿಂದ ಸಂಬಂಧ ಬಂದಿತ್ತು. ಮಾವ ಈಗ ಇಲ್ಲ. ಹುಡುಗನ ಮನೆಯವರು ನಮ್ಮ ಮನೆಗೇ ಫೋನ್ ಮಾಡುವವರಿದ್ದರು. ಚಿಕ್ಕಮ್ಮ ಬಂದು ಕುಳಿತಿದ್ದರು. ಅಕ್ಕ ಅಡುಗೆಮನೆಯಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ಜಗಲಿಯಲ್ಲಿದ್ದ ಅವಳ ಫೋನ್ ಸದ್ದು ಮಾಡಿದ್ದೇ ನಾನು ಎದ್ದೆ.

"ನೀನು ಎತ್ತಬೇಡ" ಎಂದಳು ಅಕ್ಕ, ಒಳಗಿನಿಂದಲೇ. "ಬಳಿ ಕೇಳಿದರೆ ನಾನು ಹೇಳುತ್ತೇನೆ."

ಚಿಕ್ಕಮ್ಮ ನಕ್ಕರು. "ಎಂತ, ಜಡ್ಜಮ್ಮನಿಗೆ ನಮ್ಮ ಬಳಿ ಮರೆತುಹೋಗಿದೆಯಾ?"

"ಮರೆಯುವವಳಲ್ಲ ಅವಳು" ಎಂದು ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ಫೋನ್ ಎತ್ತಿಕೊಂಡಳು. ನಗಲಿಲ್ಲ. ನಮ್ಮ ಬಳಿಯ ಹೆಸರನ್ನು ಬಿಡಿಸಿ ಬಿಡಿಸಿ, ಎರಡು ಸಲ ಹೇಳಿದಳು.

ಅಡುಗೆಮನೆಯಿಂದ ನನ್ನ ಓದುವ ಮೇಜಿಗೆ ಹತ್ತು ಹೆಜ್ಜೆ. ನಡುವೆ ಒಂದು ಗೋಡೆ, ಅದೂ ಹೆಂಚಿನ ಮಾಡಿನ ತನಕ ಹೋಗದ ಗೋಡೆ. ಈ ಕಡೆ ಪಿಸುಗುಟ್ಟಿದರೂ ಆ ಕಡೆ ಕೇಳುತ್ತದೆ. ಅಂದು ಅವಳು ಬಾವಿಕಟ್ಟೆಯಲ್ಲಿರದೆ ಅಡುಗೆಮನೆಯಲ್ಲೇ ಇದ್ದಿದ್ದರೆ — ಕೇಳಿಯೂ ಎಣ್ಣೆ ತಿಕ್ಕುತ್ತಾ "ಹೌದಾ" ಎಂದಿದ್ದರೆ, ಕೇಳಿಯೂ ಸಂಜೆ ಪುಸ್ತಕ ಹಿಡಿದು ಬಂದಿದ್ದರೆ — ಈ ಹನ್ನೊಂದು ವರ್ಷ ನಾನು ತಿಂದ ಅನ್ನ ಎಂಥದ್ದು?

ಚಿಕ್ಕಮ್ಮ ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕನ ಪಕ್ಕ ಹೋಗಿ ನಿಂತೆ. ಅವಳು ಮೀನಿನ ಕಡೆಯಿಂದ ಕಣ್ಣೆತ್ತಲಿಲ್ಲ. ಒಂದೇ ಮಾತು ಕೇಳಿದೆ. ಆಮೇಲೆ ಭಾನುವಾರಕ್ಕೊಮ್ಮೆ ಫೋನಿನಲ್ಲಿ ಊಟ ಆಯಿತಾ ಎಂದು ವಿಚಾರಿಸುತ್ತಾಳೆ, ಅದಕ್ಕೆ ಮಾತ್ರ ಉತ್ತರವಿಲ್ಲ.

"ಅಕ್ಕ, ಹರೀಶನ ಚಿಕ್ಕಮ್ಮನ ಫೋನ್ ಬಂದ ಹೊತ್ತಿಗೆ ನೀನು ಎಲ್ಲಿದ್ದೆ?"